ಐದು ರೂಪಾಯಿಯ ಕ್ರೇಜಿ ಟ್ಯಾಕ್ಸಿ

ಸಂಪಾದಕರಿಗೆ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ಪತ್ರ ಉದ್ದ ಇದೆ. ಜಾಗ ಸಾಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ, ನಮ್ಮಪ್ಪನ ವಿಷಯ ಮಾತ್ರ ಬಿಡಬೇಡಿ. ನನ್ನ ಹೆಸರು ದಯವಿಟ್ಟು ಹಾಕಬೇಡಿ. ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತೆ.

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ವಿಡಿಯೊ ಗೇಮ್‌ಗಳ ಬಗ್ಗೆ ಲೇಖನ ಬಂದಿತ್ತು. ಒಂದು ಯಂತ್ರಕ್ಕೆ ಅಂತ ಮಾಡಿದ ಗೇಮನ್ನು ಇನ್ನೊಂದು ಯಂತ್ರಕ್ಕೆ ಹೊಂದಿಸಿ ಬಿಡುತ್ತಾರಲ್ಲ, ಆ ಪೋರ್ಟ್‌ಗಳ ಬಗ್ಗೆ. ಅದರಲ್ಲಿ ಕ್ರೇಜಿ ಟ್ಯಾಕ್ಸಿಗೆ ಸಿಕ್ಕಿದ್ದು ನಾಲ್ಕೇ ಸಾಲು. ನಾಣ್ಯ ಹಾಕಿ ಆಡುವ ಆರ್ಕೇಡ್‌ನಲ್ಲಿ ಹೆಸರು ಮಾಡಿತು, ಮನೆ ಟಿವಿಗೆ ಹಾಕಿ ಆಡುವ ಡ್ರೀಮ್‌ಕಾಸ್ಟ್ ಯಂತ್ರದಲ್ಲಿ ಮೆರೆಯಿತು, ಪ್ಲೇಸ್ಟೇಷನ್ 2ಕ್ಕೆ ಬಂದಾಗ ವಿಮರ್ಶಕರು ಮೂಗು ಮುರಿದರು, ಅಲ್ಲಿಗೆ ಕಥೆ ಮುಗಿಯಿತು ಅನ್ನೋ ಅರ್ಥದಲ್ಲಿ. ಪ್ಲೇಸ್ಟೇಷನ್‌ಗೆ ಅದನ್ನು ತಂದದ್ದು ಜಪಾನಿನ ಗೇಮ್ ಕಂಪನಿ ಸೆಗಾ ಅಂತಲೂ ಬರೆದಿದ್ದಾರೆ.

ಎರಡನೆಯದು ಸಣ್ಣ ತಪ್ಪು. ಗೇಮ್ ಸೆಗಾದ್ದೇ, ಆದರೆ ಪ್ಲೇಸ್ಟೇಷನ್ 2 ಮತ್ತು ಗೇಮ್‌ಕ್ಯೂಬ್ ಅನ್ನೋ ಇನ್ನೊಂದು ಯಂತ್ರಕ್ಕೆ ಅದನ್ನು ತಂದದ್ದು ಆಕ್ಲೇಮ್ ಅನ್ನೋ ಕಂಪನಿ. ಮೊದಲನೆಯದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದರ ಬಗ್ಗೆ ಹೇಳೋಕೇ ಈ ಪತ್ರ.

ನಾನು ದಾವಣಗೆರೆಯವನು. 2004ರಿಂದ 2011ರವರೆಗೆ ಇಲ್ಲಿ ಒಂದು ಗೇಮ್ ಪಾರ್ಲರ್ ಇಟ್ಟಿದ್ದೆ. ಪಾರ್ಲರ್ ಅಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಹತ್ತಕ್ಕೆ ಹನ್ನೆರಡು ಅಡಿಯ ಒಂದು ಮಳಿಗೆ, ಮೂರು ಹಳೆ ಟಿವಿ, ಮೂರು ಪಿಎಸ್ ಟು (ಪ್ಲೇಸ್ಟೇಷನ್ 2ಕ್ಕೆ ನಮ್ಮ ಬಾಯಲ್ಲಿ ಇದೇ ಹೆಸರು), ಆರು ಜಾಯ್‌ಸ್ಟಿಕ್, ಅದರಲ್ಲಿ ನೆಟ್ಟಗಿದ್ದದ್ದು ನಾಲ್ಕು. ಕಾಲೇಜು ಹುಡುಗರು, ಟ್ಯೂಶನ್ ತಪ್ಪಿಸಿ ಬರೋ ಹೈಸ್ಕೂಲ್ ಹುಡುಗರು. ಗಂಟೆಗೆ 20 ರೂಪಾಯಿ. ನಕಲಿ ಸಿಡಿ ಓಡಲಿ ಅಂತ ಪಿಎಸ್ ಟುಗಳಿಗೆ ಚಿಪ್ ಹಾಕಿಸಿದ್ದೆ. ಸಿಡಿಗಳು ಬೆಂಗಳೂರಿನ ಮೆಜೆಸ್ಟಿಕ್ ಕಡೆಯಿಂದ ಬರುತ್ತಿದ್ದವು, ಕವರಿನ ಮೇಲಿನ ಚಿತ್ರ ಒಂದು, ಒಳಗೆ ಇನ್ನೊಂದು. ಹೆಸರು ಹಾಕಬೇಡಿ ಅಂದದ್ದು ಇದಕ್ಕೇ.

ವಿಮರ್ಶೆ ಓದುವುದು ನನಗೆ ಶೋಕಿ ಆಗಿರಲಿಲ್ಲ, ವ್ಯಾಪಾರ. ಬೆಂಗಳೂರಿಗೆ ಹೋಗುವ ಹಿಂದಿನ ದಿನ ಪಕ್ಕದ ಸೈಬರ್ ಕೆಫೆಯಲ್ಲಿ ಅರ್ಧ ಗಂಟೆ ಕೂತು, ಯಾವ ಗೇಮಿಗೆ ಎಷ್ಟು ಮಾರ್ಕ್ಸ್ ಬಂದಿದೆ ಅಂತ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಹತ್ತಕ್ಕೆ ಒಂಬತ್ತು ಬಂದಿದ್ದರೆ ತರೋದು, ಏಳು ಇದ್ದರೆ ಯೋಚನೆ ಮಾಡೋದು. ಈ ಪದ್ಧತಿಯಿಂದ ಮೊದಲ ವರ್ಷ ಎಷ್ಟು ದುಡ್ಡು ಕಳೆದುಕೊಂಡೆ ಅಂತ ನನಗೇ ಗೊತ್ತು. ಒಂಬತ್ತೂವರೆ ಬಂದ ದೊಡ್ಡ ದೊಡ್ಡ ಕಥೆಯ ಗೇಮ್ ತಂದೆ. ಹುಡುಗರು ಮೊದಲ ಇಪ್ಪತ್ತು ನಿಮಿಷ ಮಾತುಕತೆ ನೋಡಿ ಆಕಳಿಸಿದರು. ನಲವತ್ತು ಗಂಟೆಯ ಗೇಮನ್ನು ಗಂಟೆಗೆ 20 ರೂಪಾಯಿ ಕೊಟ್ಟು ಯಾರು ಮುಗಿಸುತ್ತಾರೆ ಹೇಳಿ? ಆ ಸಿಡಿಗಳು ಕೊನೆಗೆ ಟೀ ಲೋಟದ ಕೆಳಗೆ ಇಡೋಕೆ ಆದವು.

ಕ್ರೇಜಿ ಟ್ಯಾಕ್ಸಿ ನನ್ನ ಚೀಟಿಯಲ್ಲಿ ಇರಲೇ ಇಲ್ಲ. ಸಿಡಿ ಅಂಗಡಿಯವನು ಹತ್ತು ಸಿಡಿಗೆ ಒಂದು ಫ್ರೀ ಅಂತ ಕೊಟ್ಟದ್ದು. ಏಳು ವರ್ಷದಲ್ಲಿ ಅತಿ ಹೆಚ್ಚು ಸಂಪಾದನೆ ಮಾಡಿಕೊಟ್ಟದ್ದರಲ್ಲಿ ಎರಡನೆಯದು ಅದೇ. ಮೊದಲನೆಯದು ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೊ) ಸ್ಯಾನ್ ಆಂಡ್ರಿಯಾಸ್, ಅದರ ಮಾತು ಬೇರೆ ಬಿಡಿ.

ಗೇಮ್ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಯಾನ್ ಫ್ರಾನ್ಸಿಸ್ಕೊ ತರಹದ ಏರಿಳಿತದ ಊರು. ನಾಲ್ಕು ಜನ ಡ್ರೈವರ್‌ಗಳಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು. ಫುಟ್‌ಪಾತಿನಲ್ಲಿ ಗಿರಾಕಿಗಳು ನಿಂತಿರುತ್ತಾರೆ, ತಲೆ ಮೇಲೆ ಬಣ್ಣದ ಗುರುತು. ಕೆಂಪು ಅಂದರೆ ಹತ್ತಿರ, ಹಸಿರು ಅಂದರೆ ದೂರ. ಹತ್ತಿಸಿಕೊಂಡರೆ ಮೇಲೊಂದು ದೊಡ್ಡ ಬಾಣ ದಿಕ್ಕು ತೋರಿಸುತ್ತೆ. ಹೇಳಿದ ಹೊತ್ತಿನಲ್ಲಿ ಮುಟ್ಟಿಸಿದರೆ ದುಡ್ಡು, ಇಲ್ಲದಿದ್ದರೆ ಗಿರಾಕಿ ಓಡುವ ಗಾಡಿಯಿಂದಲೇ ಹಾರಿ ಹೋಗುತ್ತಾನೆ. ಬೇರೆ ಗಾಡಿಯನ್ನು ಸವರಿಕೊಂಡು ಹೋದರೆ ಗಿರಾಕಿ ಖುಷಿಯಾಗಿ ಟಿಪ್ಸ್ ಕೊಡುತ್ತಾನೆ. ಅಷ್ಟೇ ಗೇಮು. ಇಂಗ್ಲಿಷಿನಲ್ಲಿ ಮಿಷನ್ ಅಂತಾರೆ. ನಮ್ಮ ಅಂಗಡಿಯಲ್ಲಿ ಅದಕ್ಕೆ ಬಾಡಿಗೆ ಅಂತಲೇ ಹೆಸರು. ‘ಲೇ, ಹಸಿರು ಬಾಡಿಗೆ ಬಿಟ್ಟು ಕೆಂಪಿನ ಹಿಂದೆ ಯಾಕೆ ಹೋಗ್ತೀಯ’ ಅಂತ ಕೂಗಾಡೋರು.

ಈಗ ಮಾರ್ಕ್ಸಿನ ಕಥೆ. 1999ರಲ್ಲಿ ಇದು ಆರ್ಕೇಡ್‌ಗೆ ಬಂತು. ಸ್ಟೀರಿಂಗ್, ಎರಡು ಪೆಡಲ್, ಮುಂದಕ್ಕೆ ಮತ್ತು ಹಿಂದಕ್ಕೆ ಅಂತ ಒಂದು ಗೇರ್ ಕಡ್ಡಿ ಇದ್ದ ದೊಡ್ಡ ಪೆಟ್ಟಿಗೆ. 2000ದ ಜನವರಿಯಲ್ಲಿ ಸೆಗಾದ್ದೇ ಆದ ಡ್ರೀಮ್‌ಕಾಸ್ಟ್‌ಗೆ ಬಂತು. ವಿಮರ್ಶಕರು ಕುಣಿದಾಡಿದರು, ಬಹಳ ಜನ ಹತ್ತಕ್ಕೆ ಒಂಬತ್ತರ ಆಸುಪಾಸು ಕೊಟ್ಟರು. ಆರ್ಕೇಡಿನಲ್ಲಿದ್ದದ್ದು ಹಾಗೇ ಮನೆಗೆ ಬಂದಿದೆ, ಜೊತೆಗೆ ಹೊಸದೊಂದು ಊರು, ಸಣ್ಣ ಸಣ್ಣ ಸವಾಲುಗಳ ಕ್ರೇಜಿ ಬಾಕ್ಸ್ ಬೇರೆ. ಒಂದು ವರ್ಷ ಕಳೆಯಿತು. 2001ರ ಜನವರಿ 31ರಂದು ಡ್ರೀಮ್‌ಕಾಸ್ಟ್ ತಯಾರಿಕೆ ನಿಲ್ಲಿಸುತ್ತೇವೆ ಅಂತ ಸೆಗಾ ಹೇಳಿತು. ಅದೇ ವರ್ಷ ಬೇಸಿಗೆಯಲ್ಲಿ ಆಕ್ಲೇಮ್‌ನ ಪಿಎಸ್ ಟು ಆವೃತ್ತಿ ಬಂತು. ಎಲ್ಲರ ಮಾರ್ಕ್ಸ್ ಸೇರಿಸಿ ಸರಾಸರಿ ತೆಗೆದರೆ ನೂರಕ್ಕೆ 80ರ ಹತ್ತಿರ. ನವೆಂಬರಿನಲ್ಲಿ ಗೇಮ್‌ಕ್ಯೂಬ್‌ಗೆ ಬಂದಾಗ ಅದು 70ರ ಹತ್ತಿರಕ್ಕೆ ಇಳಿಯಿತು. 2002ರಲ್ಲಿ ಕಂಪ್ಯೂಟರಿಗೆ ಬಂದಾಗ ಇನ್ನೂ ಪಾತಾಳಕ್ಕೆ.

ಸ್ವಲ್ಪ ಯೋಚನೆ ಮಾಡಿ. ಅದೇ ಊರು, ಅದೇ ನಾಲ್ಕು ಡ್ರೈವರ್, ಅದೇ ಹಾಡು. ಎರಡೇ ವರ್ಷದಲ್ಲಿ ಇಷ್ಟು ಇಳಿಯೋಕೆ ಗೇಮಿನಲ್ಲಿ ಏನಾಯಿತು?

ಬಂದ ದೂರುಗಳಲ್ಲಿ ನಿಜ ಇಲ್ಲ ಅಂತ ನಾನು ಹೇಳಲ್ಲ. ಪಿಎಸ್ ಟುನಲ್ಲಿ ದೂರದ ಕಟ್ಟಡಗಳು ಹತ್ತಿರ ಹೋದ ಮೇಲೆ ದಿಢೀರ್ ಅಂತ ಎದ್ದು ನಿಲ್ಲುತ್ತವೆ ಅಂದರು. ಹೌದು, ನಿಲ್ಲುತ್ತವೆ. ಡ್ರೀಮ್‌ಕಾಸ್ಟ್‌ನಲ್ಲೂ ಅದು ಇತ್ತಂತೆ. ಹೊಸದೇನೂ ಸೇರಿಸಿಲ್ಲ ಅಂದರು, ಅದೂ ಹೌದು. ಆಕ್ಲೇಮ್ ಒಂದು ಬೀದಿಯನ್ನೂ ಹೆಚ್ಚಿಗೆ ಹಾಕಲಿಲ್ಲ. ಎಲ್ಲಕ್ಕಿಂತ ಜಾಸ್ತಿ ಕೇಳಿಬಂದ ದೂರು, ಗೇಮ್ ಚಿಕ್ಕದು, ಬೇಗ ಸಾಕಾಗುತ್ತೆ ಅನ್ನೋದು. ಅಮೆರಿಕದಲ್ಲಿ ಆಗ ಹೊಸ ಡಿಸ್ಕ್ ಒಂದಕ್ಕೆ 50 ಡಾಲರ್ ಹತ್ತಿರ. ಅಷ್ಟು ದುಡ್ಡು ಕೊಟ್ಟವನು ಮನೆಯಲ್ಲಿ ಒಬ್ಬನೇ ಕೂತು ಆಡುತ್ತಾನೆ. ಎರಡು ಊರು ಬಾಯಿಪಾಠ ಆದ ಮೇಲೆ ಮಾಡೋದೇನು? ಅವನ ಜಾಗದಲ್ಲಿ ನಾನಿದ್ದರೂ ಏಳೇ ಕೊಡುತ್ತಿದ್ದೆ.

ನನ್ನ ಲೆಕ್ಕದಲ್ಲಿ ಇನ್ನೊಂದು ಕಾರಣ ಇದೆ. 2001ರ ಅಕ್ಟೋಬರಿನಲ್ಲಿ ಜಿಟಿಎ 3 ಬಂತು. ಅದರಲ್ಲಿ ರಸ್ತೆಯಲ್ಲಿ ಹೋಗುತ್ತಿರುವ ಟ್ಯಾಕ್ಸಿ ಕಿತ್ತುಕೊಂಡು ಬಾಡಿಗೆ ಹೊಡೆಯಬಹುದು, ಅದೂ ಬರೀ ಮಧ್ಯೆ ಮಧ್ಯೆ ಹೊತ್ತು ಕಳೆಯೋಕೆ ಕೊಟ್ಟದ್ದು. ಕ್ರೇಜಿ ಟ್ಯಾಕ್ಸಿಯ ಪೂರ್ತಿ ಗೇಮು ಇನ್ನೊಂದು ಗೇಮಿನ ಉಪ್ಪಿನಕಾಯಿ ಆಗಿಹೋಯಿತು. ಒಂದು ತಿಂಗಳು ಬಿಟ್ಟು ಗೇಮ್‌ಕ್ಯೂಬ್‌ಗೆ ಬಂದ ಹಳೆ ಟ್ಯಾಕ್ಸಿ ಯಾರಿಗೆ ರುಚಿಸಬೇಕು? ನಮ್ಮೂರಿನವರಿಗೆ ಇದು ಬೇಗ ಅರ್ಥ ಆಗುತ್ತೆ. ಬೆಂಗಳೂರಿನಲ್ಲಿ ದಾವಣಗೆರೆ ಬೆಣ್ಣೆ ದೋಸೆ ಅಂತ ಬೋರ್ಡ್ ನೋಡಿದರೆ ನಾವು ಒಳಗೆ ಹೋಗುವ ಮೊದಲೇ ‘ಸೌದೆ ಒಲೆ ಇದೆಯಾ’ ಅಂತ ಕೇಳ್ತೀವಿ. ತಿಂದು ನೋಡೋದು ಆಮೇಲೆ.

ಇಷ್ಟಾದರೂ ನಾನು ಓದಿದ ವಿಮರ್ಶೆಗಳಲ್ಲಿ ಒಂದೂ ಒಂದು ವಿಷಯಕ್ಕೆ ಎರಡು ಸಾಲು ಮೀಸಲಿಡಲಿಲ್ಲ. ಅದೇ ನನ್ನ ತಕರಾರು.

ಈ ಗೇಮನ್ನು ಮಾಡಿಸಿದ ಕೆಂಜಿ ಕನ್ನೋ ಒಂದು ಕಡೆ ಹೇಳಿಕೊಂಡಿದ್ದಾರೆ. ಜಪಾನಿನ ಆರ್ಕೇಡ್‌ಗಳಲ್ಲಿ ನೂರು ಯೆನ್ ಹಾಕಿದರೆ ಮೂರು ನಿಮಿಷ ಆಟ ಅನ್ನೋ ರೂಢಿ ಇತ್ತು. ಅದನ್ನು ಮುರಿಯಬೇಕು, ಚೆನ್ನಾಗಿ ಆಡುವವನಿಗೆ ಜಾಸ್ತಿ ಹೊತ್ತು ಆಡೋಕೆ ಸಿಗಬೇಕು ಅಂತ ಅವರ ಆಸೆ. ಅದಕ್ಕೇ ಈ ಗೇಮಿನ ಆರ್ಕೇಡ್ ನಿಯಮದಲ್ಲಿ ಒಂದೊಂದು ಬಾಡಿಗೆಗೂ ಗಡಿಯಾರಕ್ಕೆ ಸ್ವಲ್ಪ ಸೆಕೆಂಡು ಸೇರುತ್ತಾ ಹೋಗುತ್ತೆ. ಬೇಗ ಮುಟ್ಟಿಸಿದರೆ ಇನ್ನೂ ಸ್ವಲ್ಪ. ಕೈ ಪಳಗಿದವನಿಗೆ ಗಡಿಯಾರ ಸೊನ್ನೆಗೆ ಬರೋದೇ ಇಲ್ಲ.

ಕೇಳೋಕೆ ಚೆಂದ. ಈಗ ಅಂಗಡಿಯವನ ಕಡೆಯಿಂದ ನೋಡಿ.

ಈ ಗೇಮ್ ಬಂದ ಮೇಲೆ ಹುಡುಗರ ಹತ್ತಿರ ಗಂಟೆಗೆ ಆಗುವಷ್ಟು ದುಡ್ಡು ಇರಲ್ಲ ಅಂತ ನಾನೊಂದು ಪ್ಲಾನ್ ಮಾಡಿದೆ. ಮೂರನೇ ಟಿವಿ ಕ್ರೇಜಿ ಟ್ಯಾಕ್ಸಿಗೇ ಮೀಸಲು. ಒಂದು ಆಟಕ್ಕೆ ಐದು ರೂಪಾಯಿ, ಟೈಮ್ ಮುಗಿಯುವವರೆಗೆ ಆಡಿಕೋ. ಮೊದಲ ವಾರ ಹಬ್ಬ. ಹೊಸಬರು ಎರಡು ಎರಡೂವರೆ ನಿಮಿಷಕ್ಕೆ ಔಟ್. ಇನ್ನೊಂದು ಐದು ರೂಪಾಯಿ ಇಡು, ಇನ್ನೊಂದು ಐದು ರೂಪಾಯಿ ಇಡು. ಗಲ್ಲಾ ಪೆಟ್ಟಿಗೆಯಲ್ಲಿ ಐದು ರೂಪಾಯಿ ನಾಣ್ಯ ಗಲಗಲ ಅನ್ನೋದು. ನಾನು ಆರಾಮಾಗಿ ಮಂಡಕ್ಕಿ ತಿನ್ನುತ್ತಾ ಕೂತಿದ್ದೆ.

ಮೂರನೇ ವಾರ ಒಬ್ಬ ಹುಡುಗ ಬಂದ. ಒಂಬತ್ತನೇ ಕ್ಲಾಸು. ಅವರಪ್ಪ ಆಟೊ ಓಡಿಸುತ್ತಿದ್ದರು. ಮಾತಿಲ್ಲ ಕತೆಯಿಲ್ಲ, ಸುಮ್ನೆ ನಿಂತು ಬೇರೆಯವರು ಆಡೋದನ್ನು ನಾಲ್ಕು ದಿನ ನೋಡಿದ. ಐದನೇ ದಿನ ಐದು ರೂಪಾಯಿ ಇಟ್ಟ. ಅವನ ಕೈಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಈ ಗೇಮಿನಲ್ಲಿ ಕ್ರೇಜಿ ಡ್ಯಾಶ್ ಅಂತ ಒಂದು ವರಸೆ ಇದೆ. ಗೇರನ್ನು ರಿವರ್ಸಿಗೆ ಹಾಕಿ, ತಕ್ಷಣ ಮುಂದಕ್ಕೆ ಹಾಕಿ, ಅದೇ ಗಳಿಗೆಗೆ ಆಕ್ಸಿಲರೇಟರ್ ಒತ್ತಬೇಕು. ಒಂದು ಕ್ಷಣ ಆಚೀಚೆ ಆದರೂ ಗಾಡಿ ಸುಮ್ಮನೆ ಹೊರಡುತ್ತೆ. ಸರಿಯಾಗಿ ಬಿದ್ದರೆ ಬಿಲ್ಲಿನಿಂದ ಬಿಟ್ಟ ಹಾಗೆ. ಆರ್ಕೇಡಿನ ಗೇರ್ ಕಡ್ಡಿಯಲ್ಲಿ ಇಡೀ ಕೈ ಮಾಡುವ ಕೆಲಸವನ್ನು ಪಿಎಸ್ ಟುನಲ್ಲಿ ಒಂದು ಹೆಬ್ಬೆರಳು ಮಾಡಬೇಕು. ಆ ಹುಡುಗ ಹೆಬ್ಬೆರಳನ್ನು ಎತ್ತುತ್ತಲೇ ಇರಲಿಲ್ಲ. ಒಂದು ಬಟನ್ನಿನಿಂದ ಇನ್ನೊಂದಕ್ಕೆ ಉರುಳಿಸುತ್ತಿದ್ದ, ನಮ್ಮಮ್ಮ ಹೋಳಿಗೆ ಕಣಕ ಉರುಳಿಸಿದ ಹಾಗೆ. ಟಕ್ ಅಂತ ಶಬ್ದ ಕೂಡ ಇಲ್ಲ.

ಅವತ್ತು ಅವನು ಐದು ರೂಪಾಯಿಗೆ ನಲವತ್ತು ನಿಮಿಷ ಆಡಿದ. ಹಿಂದೆ ಹನ್ನೊಂದು ಜನ ಸಾಲು ನಿಂತಿದ್ದರು. ಮರುದಿನ ಐವತ್ತು ನಿಮಿಷ. ಅದರ ಮರುದಿನ ಕರೆಂಟ್ ಹೋಯಿತು ಅಂತ ನಿಂತದ್ದು, ಇಲ್ಲದಿದ್ದರೆ ಇನ್ನೂ ಆಡುತ್ತಿದ್ದನೇನೋ. ಕರೆಂಟ್ ಹೋದಾಗ ಜೀವನದಲ್ಲಿ ಮೊದಲ ಸಲ ನನಗೆ ಖುಷಿ ಆಯಿತು.

ಕನ್ನೋ ಅವರು ಗೆದ್ದಿದ್ದರು. ಜಪಾನಿನ ಆರ್ಕೇಡ್ ಮಾಲೀಕನ ಹೊಟ್ಟೆ ಹೇಗೆ ಉರಿದಿರಬೇಕು ಅಂತ ದಾವಣಗೆರೆಯಲ್ಲಿ ಕೂತು ನನಗೆ ಅರ್ಥ ಆಯಿತು.

ಹುಡುಗನನ್ನು ಬರಬೇಡ ಅನ್ನೋಕೆ ಮನಸ್ಸು ಬರಲಿಲ್ಲ, ಅವನ ಆಟ ನೋಡೋಕೇ ಜನ ಬರುತ್ತಿದ್ದರು. ಆ ರಾತ್ರಿ ಬಾಗಿಲು ಎಳೆದು ಗೇಮಿನ ಮೆನು ಪೂರ್ತಿ ಜಾಲಾಡಿದೆ. ಅಲ್ಲಿತ್ತು. ಆರ್ಕೇಡ್ ನಿಯಮ ಬೇಡ ಅಂದರೆ 3 ನಿಮಿಷ, 5 ನಿಮಿಷ, 10 ನಿಮಿಷ ಅಂತ ಕಟ್ಟಿಹಾಕಿಬಿಡಬಹುದು. ಎಷ್ಟೇ ಬಾಡಿಗೆ ಹೊಡೆದರೂ ಒಂದು ಸೆಕೆಂಡು ಕೂಡ ಸೇರಲ್ಲ. ಇದು ಮನೆಗೆ ಬಂದ ಆವೃತ್ತಿಗಳಲ್ಲಿ ಕೊಟ್ಟದ್ದು. ಮನೆಯಲ್ಲಿ ಆಡುವವನಿಗೆ ಇದು ಏನೇನೂ ಅಲ್ಲ, ಅವನ ಟಿವಿ, ಅವನ ಕರೆಂಟು. ಅದಕ್ಕೇ ವಿಮರ್ಶಕರು ಅದರ ಮೇಲೆ ಕಣ್ಣು ಹಾಯಿಸಿ ಮುಂದೆ ಹೋದರು.

ನನಗೆ ಅದು ಅಂಗಡಿ ಉಳಿಸಿತು. 3 ನಿಮಿಷಕ್ಕೆ ಐದು ರೂಪಾಯಿ, 10 ನಿಮಿಷಕ್ಕೆ ಹನ್ನೆರಡು. ಜಪಾನಿನಲ್ಲಿ ಮುರಿಯಬೇಕು ಅಂದುಕೊಂಡಿದ್ದ ಮೂರು ನಿಮಿಷದ ರೂಢಿಯನ್ನು ನಾನು ಅವರದ್ದೇ ಮೆನುವಿನಿಂದ ದಾವಣಗೆರೆಯಲ್ಲಿ ಮತ್ತೆ ಕೂರಿಸಿದೆ. ಪಾಪ ಅನ್ನಿಸುತ್ತೆ ಒಮ್ಮೊಮ್ಮೆ. ಆದರೆ ಎಲ್ಲರಿಗೂ ಒಂದೇ ಹೊತ್ತು ಸಿಕ್ಕ ಮೇಲೆ ನಿಜವಾದ ಪಂದ್ಯ ಶುರುವಾಯಿತು. ಮೂರು ನಿಮಿಷದಲ್ಲಿ ಯಾರು ಜಾಸ್ತಿ ದುಡಿಯುತ್ತಾರೆ? ಒಂದು ನೂರು ಪುಟದ ನೋಟ್ ಬುಕ್ ತಂದು ತೂಗು ಹಾಕಿದೆ. ಹೆಸರು, ತಾರೀಖು, ಡಾಲರ್. ಚಿಕ್ಕ ಗೇಮು, ಬೇಗ ಸಾಕಾಗುತ್ತೆ ಅಂತ ಬರೆದಿದ್ದರಲ್ಲ, ಆ ನೋಟ್ ಬುಕ್ ಎರಡು ತುಂಬಿ ಮೂರನೆಯದು ಅರ್ಧ ಆಗಿದೆ.

ಕ್ರೇಜಿ ಬಾಕ್ಸ್ ಬಗ್ಗೆಯೂ ವಿಮರ್ಶಕರಲ್ಲಿ ಎರಡು ಮಾತಿತ್ತು. ಕೆಲವರಿಗೆ ಅದು ಗೇಮಿನ ಆಯಸ್ಸು ಹೆಚ್ಚಿಸೋಕೆ ಹಾಕಿದ ತೇಪೆ. ನಮ್ಮಲ್ಲಿ ಟ್ಯಾಕ್ಸಿಯಿಂದ ಬೌಲಿಂಗ್ ಕಂಬ ಬೀಳಿಸೋ ಸವಾಲಿಗೆ ಭಾನುವಾರ ಬೆಳಿಗ್ಗೆ ಮೀಸಲು. ಸೋತವನು ಮಿರ್ಚಿ ಕೊಡಿಸಬೇಕು.

ಹಾಡಿನ ಮಾತಿಗೆ ಬರುತ್ತೇನೆ, ಇಲ್ಲಿ ವಿಮರ್ಶಕರ ಜೊತೆ ನಾನು ಪೂರ್ತಿ ಒಪ್ಪುತ್ತೇನೆ. ದಿ ಆಫ್‌ಸ್ಪ್ರಿಂಗ್, ಬ್ಯಾಡ್ ರಿಲಿಜನ್ ಅನ್ನೋ ಅಮೆರಿಕದ ಎರಡು ತಂಡಗಳ ಹಾಡು ಈ ಗೇಮಿನಲ್ಲಿ ಇವೆ. ನಮ್ಮ ಹುಡುಗರಿಗೆ ಒಂದು ಪದವೂ ಅರ್ಥ ಆಗುತ್ತಿರಲಿಲ್ಲ, ಆದರೂ ಹಾಡು ಶುರುವಾಗುವ ಆ ಕೂಗಿಗೆ ಹತ್ತೂ ಜನ ಒಟ್ಟಿಗೆ ಕಿರುಚೋರು. ಮೇಲಿನ ಮನೆಯ ಅಜ್ಜಿ ಕೋಲಿನಿಂದ ನೆಲ ಕುಟ್ಟೋದು ನನಗೆ ಕೇಳಿಸೋದು. ಹಾಗೇ ಅಂಗಡಿಗಳ ಹೆಸರು. ಗಿರಾಕಿ ಹತ್ತಿದ ಕೂಡಲೇ ಪಿಜ್ಜಾ ಹಟ್‌ಗೆ ಬಿಡು, ಕೆಎಫ್‌ಸಿಗೆ ಬಿಡು ಅಂತಾನೆ. ಆ ಹುಡುಗರಲ್ಲಿ ಒಬ್ಬನೂ ಆಗ ಪಿಜ್ಜಾ ಹಟ್ ಕಣ್ಣಾರೆ ನೋಡಿರಲಿಲ್ಲ, ಆದರೆ ಯಾವ ತಿರುವಿನಲ್ಲಿ ಇದೆ ಅಂತ ಕಣ್ಣು ಮುಚ್ಚಿ ಹೇಳೋರು. ಒಬ್ಬ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದವನು ಮೊದಲ ದಿನ ಫೋನ್ ಮಾಡಿ, ‘ಅಣ್ಣಾ, ಪಿಜ್ಜಾ ಹಟ್ ಮುಂದೆ ನಿಂತಿದೀನಿ, ಬಾಡಿಗೆ ಮುಟ್ಟಿಸಿದೆ’ ಅಂದ.

2010ರಲ್ಲಿ ಸೆಗಾ ಇದೇ ಗೇಮನ್ನು ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಕ್ಕೆ ಮತ್ತೆ ಬಿಟ್ಟಿತು. ಚಿತ್ರ ಸ್ವಚ್ಛ, ಅಗಲ ಪರದೆ. ಆದರೆ ಆ ಹಾಡುಗಳೂ ಇಲ್ಲ, ಆ ಅಂಗಡಿ ಹೆಸರುಗಳೂ ಇಲ್ಲ. ಬೆಂಗಳೂರಿನಲ್ಲಿರುವ ನಮ್ಮಣ್ಣನ ಮಗ ಹಾಕಿ ತೋರಿಸಿದ. ‘ಚಿಕ್ಕಪ್ಪ, ನಿಮ್ಮ ಗೇಮ್ ಬಂದಿದೆ ನೋಡಿ’ ಅಂದ. ಎರಡು ಬಾಡಿಗೆ ಹೊಡೆದೆ. ಊರು ಅದೇ, ತಿರುವು ಅದೇ, ಬೋರ್ಡುಗಳು ಮಾತ್ರ ಬೇರೆ. ಬಹಳ ವರ್ಷದ ಮೇಲೆ ಊರಿಗೆ ಹೋದರೆ ಗೊತ್ತಿರೋ ಅಂಗಡಿ ಎಲ್ಲ ಮುಚ್ಚಿರುತ್ತಲ್ಲ, ಹಾಗೆ. ಜಾಯ್‌ಸ್ಟಿಕ್ ವಾಪಸ್ ಕೊಟ್ಟೆ. ಆಗ ವಿಮರ್ಶಕರು ಇದನ್ನೇ ಎತ್ತಿ ಆಡಿದರು, ಸರಿಯಾಗೇ ಆಡಿದರು. 2012ರಲ್ಲಿ ಐಫೋನಿಗೆ ಬಂದಾಗ ಹಾಡುಗಳು ವಾಪಸ್ ಬಂದವು. ಆದರೆ ಗಾಜಿನ ಮೇಲೆ ಹೆಬ್ಬೆರಳು ಉರುಳಿಸಿದರೆ ಏನು ಗೊತ್ತಾಗುತ್ತೆ ಹೇಳಿ?

ಇಲ್ಲೇ ನಿಮ್ಮ ಲೇಖನದವರಿಗೆ ಒಂದು ಪ್ರಶ್ನೆ. 2001ರ ಪಿಎಸ್ ಟು ಪೋರ್ಟಿಗೆ ‘ಹೊಸದೇನೂ ಇಲ್ಲ’ ಅಂತ ಮಾರ್ಕ್ಸ್ ಕಡಿಮೆ ಆಯಿತು. 2010ರ ಪೋರ್ಟಿಗೆ ‘ಹಳೆಯದು ಉಳಿದಿಲ್ಲ’ ಅಂತ ಕಡಿಮೆ ಆಯಿತು. ಆಕ್ಲೇಮ್‌ನವರು ಹಾಡು, ಅಂಗಡಿ, ಎರಡು ಊರು, ಕ್ರೇಜಿ ಬಾಕ್ಸ್, ಎಲ್ಲವನ್ನೂ ಹಾಗೇ ದಾಟಿಸಿದ್ದರು. ಅದು ಎಷ್ಟು ಕಷ್ಟದ ಕೆಲಸ ಅಂತ ಒಂಬತ್ತು ವರ್ಷ ಬಿಟ್ಟು, ಅದು ಇಲ್ಲದಾಗ ಗೊತ್ತಾಯಿತು. ಅಷ್ಟು ಹೊತ್ತಿಗೆ ಹೊಗಳಿಸಿಕೊಳ್ಳೋಕೆ ಆಕ್ಲೇಮ್ ಇರಲಿಲ್ಲ. 2004ರಲ್ಲೇ ದಿವಾಳಿ ಆಗಿ ಬಾಗಿಲು ಹಾಕಿತ್ತು. ನಾನು ಅಂಗಡಿ ತೆರೆದ ವರ್ಷವೇ.

ಬಾಣದ ವಿಷಯವನ್ನೂ ನಿಮ್ಮ ಲೇಖನ ಬಿಟ್ಟಿದೆ. ಆ ದಿಕ್ಕು ತೋರಿಸುವ ಬಾಣ ಮತ್ತೆ ಕೆಲವು ಸಂಗತಿಗೆ ಸೆಗಾ ಅಮೆರಿಕದಲ್ಲಿ ಪೇಟೆಂಟ್ ತೆಗೆದುಕೊಂಡಿತ್ತು. ದಿ ಸಿಂಪ್ಸನ್ಸ್ ರೋಡ್ ರೇಜ್ ಅನ್ನೋ ಗೇಮ್ ತನ್ನ ಕ್ರೇಜಿ ಟ್ಯಾಕ್ಸಿಯ ನಕಲು ಅಂತ 2003ರಲ್ಲಿ ಕೋರ್ಟಿಗೂ ಹೋಯಿತು. ಕೊನೆಗೆ ಹೊರಗೇ ರಾಜಿ ಆಯಿತು. ಈಗ ನೋಡಿದರೆ ನಮ್ಮೂರಿನ ಟ್ಯಾಕ್ಸಿಯವರ ಮೊಬೈಲಿನಲ್ಲೂ ಬಾಣವೇ.

ಇನ್ನು ನಮ್ಮಪ್ಪ.

ಅಪ್ಪ ಮೂವತ್ತೊಂದು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಮದುವೆ ದಿಬ್ಬಣ, ಆಸ್ಪತ್ರೆ, ಧರ್ಮಸ್ಥಳ, ತಿರುಪತಿ. ರಿಟೈರ್ ಆದ ಮೇಲೆ ಸಂಜೆ ಅಂಗಡಿಗೆ ಬಂದು ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಕೂರೋರು. ಪರದೆ ಕಡೆ ನೋಡುತ್ತಿರಲಿಲ್ಲ. ಒಂದು ದಿನ ಹುಡುಗರು ಹಠ ಹಿಡಿದರು. ‘ತಾತ, ನಿಮ್ಮ ಕಸುಬೇ ಅಲ್ವಾ, ಒಂದು ಬಾಡಿಗೆ ಹೊಡೀರಿ.’ ಅಪ್ಪ ಜಾಯ್‌ಸ್ಟಿಕ್ ಅನ್ನು ಎರಡೂ ಕೈಯಲ್ಲಿ ಪೂಜೆ ತಟ್ಟೆ ಹಿಡಿದ ಹಾಗೆ ಹಿಡಿದರು. ‘ಸ್ಟೀರಿಂಗ್ ಎಲ್ಲಿ?’ ತೋರಿಸಿದೆವು. ಹಳದಿ ಗಾಡಿ ಬಂತು. ‘ಟಾಪ್ ಇಲ್ಲವಲ್ಲೋ ಇದಕ್ಕೆ, ಮಳೆ ಬಂದ್ರೆ?’

ಗಿರಾಕಿ ಹತ್ತಿದ. ಅಪ್ಪ ಎಡಗಡೆಗೆ ಹೋದರು. ಅಮೆರಿಕದಲ್ಲಿ ಬಲಗಡೆ ಓಡಿಸಬೇಕು ಅಂತ ಹೇಳಿದರೂ ಕೈ ಎಡಕ್ಕೇ ಎಳೆಯುತ್ತಿತ್ತು. ಒಂದೊಂದು ಕ್ರಾಸಿನಲ್ಲೂ ನಿಧಾನ. ಎದುರಿಗೆ ಜನ ಬಂದರೆ ಬ್ರೇಕ್. ಗೇಮಿನಲ್ಲಿ ಜನ ತಾವೇ ಹಾರಿ ತಪ್ಪಿಸಿಕೊಳ್ಳುತ್ತಾರೆ, ಯಾರಿಗೂ ಗಾಡಿ ತಾಗಲ್ಲ.

‘ತಾತ, ಹೋಗ್ರಿ! ಅವರು ಸಾಯಲ್ಲ!’

ಅಪ್ಪ ಪರದೆಯಿಂದ ಕಣ್ಣು ಕಿತ್ತು ಆ ಹುಡುಗನನ್ನು ನೋಡಿದರು. ‘ಸಾಯಲ್ಲ ಅಂತ ನಿಂಗೆ ಯಾರು ಹೇಳಿದ್ದು?’

ಅಷ್ಟರಲ್ಲಿ ಹೊತ್ತು ಮೀರಿ ಗಿರಾಕಿ ಬೈದು ಹಾರಿಹೋದ. ಅಪ್ಪನಿಗೆ ಸಿಟ್ಟು ಬಂದದ್ದು ಸೋತದ್ದಕ್ಕಲ್ಲ. ‘ಅಷ್ಟು ದೂರ ಬಂದ, ಅರ್ಧ ಬಾಡಿಗೆನಾದ್ರೂ ಕೊಡಬೇಕಲ್ವಾ? ನಮ್ಮ ಸ್ಟ್ಯಾಂಡಲ್ಲೂ ಇದ್ರು ಇಂಥವರು.’

ಆಟ ಮುಗಿದರೆ ಈ ಗೇಮ್ ಒಂದು ಲೈಸೆನ್ಸ್ ದರ್ಜೆ ತೋರಿಸುತ್ತೆ. ಇ ಇಂದ ಶುರುವಾಗಿ ಎ, ಎಸ್, ಅದರ ಮೇಲೆ ಆಸಮ್, ತುದಿಯಲ್ಲಿ ಕ್ರೇಜಿ. ಅಪ್ಪನ ಆಟಕ್ಕೆ ಏನು ಸಿಕ್ಕಿರಬಹುದು ಅಂತ ನಾನು ಹೇಳಬೇಕಿಲ್ಲ. ಅಪ್ಪ ಜೇಬಿನಿಂದ ತಮ್ಮ ಹಳೇ ಬ್ಯಾಡ್ಜ್ ತೆಗೆದು ಟಿವಿ ಮೇಲೆ ಇಟ್ಟು, ‘ಇದಕ್ಕೆ ಇದನ್ನ ತೋರ್ಸು’ ಅಂದು ಎದ್ದು ಹೋದರು.

ಆಮೇಲೆ ಹುಡುಗರು ಇಲ್ಲದ ಮಧ್ಯಾಹ್ನ ಒಬ್ಬರೇ ಕೂತು ಆಡೋದನ್ನು ನಾನು ಮೂರು ನಾಲ್ಕು ಸಲ ನೋಡಿದ್ದೇನೆ. 10 ನಿಮಿಷಕ್ಕೆ ಹಾಕಿಕೊಳ್ಳುತ್ತಿದ್ದರು. ಅವರಿಗೆ ವಿಮರ್ಶಕರ ದೂರು ಯಾವುದೂ ಅನ್ವಯಿಸಲಿಲ್ಲ. ಕಟ್ಟಡ ತಡವಾಗಿ ಎದ್ದರೂ ಅಪ್ಪ ಹೋಗುವ ಸ್ಪೀಡಿಗೆ ಅದು ಸರಿಯಾದ ಹೊತ್ತಿಗೇ ಏಳುತ್ತಿತ್ತು.

2023ರ ಡಿಸೆಂಬರಿನಲ್ಲಿ ಸೆಗಾ ಹೊಸ ಕ್ರೇಜಿ ಟ್ಯಾಕ್ಸಿ ಮಾಡುತ್ತಿದ್ದೇವೆ ಅಂತ ಹೇಳಿದೆ. ಅದು ಬಂದಾಗ ನಿಮ್ಮ ಪುರವಣಿಯಲ್ಲಿ ವಿಮರ್ಶೆ ಹಾಕುತ್ತೀರಿ ಅಂದುಕೊಂಡಿದ್ದೇನೆ. ಬರೆಯುವವರು ಮಾರ್ಕ್ಸ್ ಕೊಡುವ ಮೊದಲು ಮೆನುವಿನಲ್ಲಿ ನಿಮಿಷ ಕಟ್ಟುವ ಸೌಲಭ್ಯ ಇದೆಯಾ ಅಂತ ಒಂದು ಸಾಲು ಬರೆಯಲಿ. ನನ್ನ ಅಂಗಡಿ ಈಗ ಮೊಬೈಲ್ ರಿಪೇರಿ ಅಂಗಡಿ, ಆದರೂ ಕೇಳುತ್ತಿದ್ದೇನೆ.

ಪತ್ರ ಬರೆಯೋಕೆ ಅಂತ ನಿನ್ನೆ ಅಟ್ಟದಿಂದ ಆ ನೋಟ್ ಬುಕ್‌ಗಳನ್ನು ಇಳಿಸಿದೆ. ಎರಡನೆಯದರಲ್ಲಿ, ಆಟೊದವರ ಮಗನ ಹೆಸರು ಪುಟಪುಟಕ್ಕೂ ಇರುವ ಕಡೆ, ಮಧ್ಯದಲ್ಲಿ ಅಪ್ಪನ ಅಕ್ಷರದಲ್ಲಿ ಒಂದು ಸಾಲು ಇದೆ. ಅವರು ಬರೆದದ್ದು ನನಗೆ ಗೊತ್ತೇ ಇರಲಿಲ್ಲ. ಡಾಲರ್ ಅನ್ನೋ ಜಾಗ ಖಾಲಿ ಬಿಟ್ಟಿದ್ದಾರೆ. ಪಕ್ಕದಲ್ಲಿ, ‘ಮೂರು ಬಾಡಿಗೆ. ಎಲ್ಲೂ ಗುದ್ದಿಲ್ಲ.’

ಇಂತಿ,
ಹಳೇ ಗೇಮ್ ಪಾರ್ಲರಿನವನು,
ದಾವಣಗೆರೆ